ಕುಂಕುಮ ಬಿದ್ದ ಕ್ಲಚ್ಚು

ಕಾಳಪ್ಪ ನೆಲದ ಮೇಲೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಚಾಮರಾಜಪೇಟೆಯಲ್ಲಿ ನನ್ನ ರಿಪೇರಿ ಶೆಡ್ಡಿಗೂ ಅಂಬುಜಮ್ಮನವರ ಪಾತ್ರೆ ಬಾಡಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಮೇಲಿಂದ ಅಲ್ಲಿಯ ಸಂಸಾರವೆಲ್ಲ ಕಾಣುತ್ತಿತ್ತು. ಮಧ್ಯಾಹ್ನ ಆಳುಗಳು ಊಟಕ್ಕೆ ನೆಲದ ಮೇಲೆ ಸಾಲಾಗಿ ಕೂತರೆ, ಡ್ರೈವರ್ ಕಾಳಪ್ಪ ಮಾತ್ರ ಒಂದು ಕೊಳಗವನ್ನು ಮಗುಚಿ ಹಾಕಿ ಅದರ ಮೇಲೆ ಕಾಲು ಚಾಚಿ ಕೂರುತ್ತಿದ್ದ.

"ಏಳೋ ಮೇಲೆ, ನಾಳೆ ಅದ್ರಲ್ಲಿ ಮದುವೆ ಅನ್ನ ಆಗ್ಬೇಕು ಕಣೋ," ಎಂದು ಅಂಬುಜಮ್ಮ ಬಯ್ಯುವರು.

"ಸೀಟಿನ ಅಭ್ಯಾಸ ಅಮ್ಮಾವ್ರೆ. ನೆಲಕ್ಕೆ ಕೂತ್ರೆ ಅನ್ನ ಇಳಿಯಲ್ಲ," ಎನ್ನುವನು ಇವನು.

"ನೋಡ್ರೋ, ಮಹಾರಾಜ್ರು ಸಿಂಹಾಸನ ಏರವ್ರೆ," ಎಂದು ಆಳುಗಳು ನಗುವರು. ಡ್ರೈವರಿನ ಜಂಭ ಎಂದೇ ಎಲ್ಲರೂ ತಿಳಿದಿದ್ದರು.

ಜಂಭವಲ್ಲ. ಒಂದು ಮದುವೆಯಲ್ಲಿ ರುಬ್ಬುವ ಕಲ್ಲು ಇಳಿಸುವಾಗ ಹಗ್ಗ ಜಾರಿ ಕಲ್ಲು ಅವನ ಎಡಮಂಡಿಯ ಮೇಲೆ ಬಿದ್ದಿತ್ತು. ಮೂಳೆ ಕಟ್ಟುವವನ ಹತ್ತಿರ ಕಟ್ಟು ಹಾಕಿಸಿಕೊಂಡ. ಬರೀ ಉಳುಕು ಎಂದು ಎಲ್ಲರಿಗೂ ಹೇಳಿ ಹದಿನೈದು ದಿನಕ್ಕೇ ಗಾಡಿ ಹತ್ತಿದ. ನಡೆಯಲು ಬಂತು. ಆದರೆ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ, ಒತ್ತಿದರೆ ಬಲವೂ ಇರಲಿಲ್ಲ. ಇದು ಗೊತ್ತಿದ್ದವರು ಅವನ ಹೆಂಡತಿ ನರಸಮ್ಮ ಮತ್ತು ನಾನು. ನನಗೆ ಗೊತ್ತಾದದ್ದೂ ಗಾಡಿಯಿಂದಲೇ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಕ್ಲಚ್ ಪೆಡಲಿನ ರಬ್ಬರು, ಕಾಲನ್ನು ಓರೆಯಾಗಿ ಇಟ್ಟು ತುಳಿದಂತೆ, ಒಂದು ಕಡೆ ಮಾತ್ರ ಸವೆದಿತ್ತು. ಕೇಳಿದೆ. ಮೊದಲು ಸುಳ್ಳು ಹೇಳಿದ. ನಾನು ರೇಗಿದ ಮೇಲೆ ಪಂಚೆ ಎತ್ತಿ ತೋರಿಸಿದ.

"ಅಮ್ಮಾವ್ರಿಗೆ ಹೇಳ್ಬೇಡ ಮೇಸ್ತ್ರಿ. ಸೀಟ್ ಹೋದ್ರೆ ಮನೆ ಹೋಗುತ್ತೆ."

ಅದು ನಿಜ. ಅಂಗಡಿಯ ಹಿಂದೆ ಪಾತ್ರೆಗಳ ಗೋಡೌನು, ಅದಕ್ಕೆ ಅಂಟಿಕೊಂಡು ಒಂದು ಕೋಣೆ, ಒಂದು ಅಡುಗೆ ಮನೆ. ಅಂಬುಜಮ್ಮನವರ ತಂದೆಯ ಕಾಲದಿಂದಲೂ ಅದು ಡ್ರೈವರಿನ ಮನೆ. ಗಾಡಿ ಓಡಿಸುವವನೇ ಅಲ್ಲಿದ್ದು ತಾಮ್ರದ ಪಾತ್ರೆ ಕಾಯಬೇಕು. ಗಾಡಿ ಬಿಟ್ಟರೆ ಮನೆ ಬಿಡಬೇಕು. ಅಂಬುಜಮ್ಮ ಕೆಟ್ಟವರಲ್ಲ. ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಅವರ ಪಾಡಿಗೆ ಅವರು. ಅಂಗಡಿಯ ಭಾರವೆಲ್ಲ ಈ ಹೆಂಗಸಿನದು. ಆದರೆ ಇದ್ದದ್ದು ಒಂದು ಗಾಡಿ, ಒಂದು ಮನೆ. ಇಬ್ಬರು ಡ್ರೈವರನ್ನು ಎಲ್ಲಿಡುತ್ತಾರೆ?

ಇನ್ನು ಆ ಗಾಡಿ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಅಮೆರಿಕದ ಪಿಕಪ್ಪು. ಮುಂದೆ ಎತ್ತಿನ ಮೂತಿಯಂತಹ ಬಾನೆಟ್ಟು, ಹಿಂದೆ ತೆರೆದ ತೊಟ್ಟಿ. ಎಪ್ಪತ್ತನಾಲ್ಕರ ಹೊತ್ತಿಗೆ ಪೆಟ್ರೋಲ್ ಬೆಲೆ ಏರಿ ಅದನ್ನು ಸಾಕುವುದು ಕಷ್ಟವಾಯಿತು. ಆಗ ನಾನೇ ಒಂದು ಲಾರಿಯ ಡೀಸೆಲ್ ಎಂಜಿನ್ ತಂದು ಕೂರಿಸಿದೆ. ಕೂರಿಸಿದ ಮೇಲೆ ಅದು ಪಿಕಪ್ಪಾಗಿ ಉಳಿಯಲಿಲ್ಲ, ಆನೆಯಾಯಿತು. ಹಂಡೆ, ಕೊಪ್ಪರಿಗೆ, ರುಬ್ಬುವ ಕಲ್ಲು, ಮೇಲೆ ಅಡುಗೆಯವರು, ಎಲ್ಲವನ್ನೂ ಹೊತ್ತು ಗವಿಪುರದ ಏರನ್ನು ನಗುನಗುತ್ತ ಹತ್ತುತ್ತಿತ್ತು. ಆದರೆ ಕ್ಲಚ್ಚು ಹಳೆಯದೇ. ಲಾರಿ ಎಂಜಿನ್ನಿನ ಎಳೆತವನ್ನು ಅದು ಎಷ್ಟು ದಿನ ತಡೆದೀತು?

ಒಂದು ದಿನ ಅದೇ ಏರಿನಲ್ಲಿ ಕೈಕೊಟ್ಟಿತು. ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಸುಟ್ಟ ವಾಸನೆ. ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಅಡುಗೆಯವರು ಕೂಗಿಕೊಂಡು ನೆಗೆದರು. ಕಾಳಪ್ಪ ಬ್ರೇಕ್ ಒತ್ತಿ, ಕೈಬ್ರೇಕು ಎಳೆದು, ಗಾಡಿಯನ್ನು ಓರೆ ಮಾಡಿ ಒಂದು ಕಾಂಪೌಂಡಿಗೆ ಆನಿಸಿ ನಿಲ್ಲಿಸಿದ. ಒಂದು ಹಂಡೆ ಉರುಳಿಕೊಂಡು ಇಳಿಜಾರಿನ ಕೊನೆಯವರೆಗೂ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹಂಡೆಯ ಸದ್ದು ಅವತ್ತು ಗಾಡಿಯ ಮುಂದೆ ಕೂತಿದ್ದ ಅಂಬುಜಮ್ಮನವರ ಕಿವಿಯಿಂದ ಹೋಗಲಿಲ್ಲ.

"ಮೇಸ್ತ್ರಿ, ಬಲವಾದ ಕ್ಲಚ್ ಹಾಕ್ಬಿಡು. ಹಿಂದೆ ಜನ ಕೂತಿರ್ತಾರೆ."

ಜೆ.ಸಿ. ರಸ್ತೆಯಿಂದ ಎರಡು ತರಿಸಿದೆ. ಎರಡನ್ನೂ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಇಟ್ಟೆ. ಒಂದು ಹಳೆಯ ಅಳತೆಯದೇ, ಹೊಸ ಲೈನಿಂಗು ಬಡಿದದ್ದು. ತುಳಿಯಲು ಹಗುರ, ಆದರೆ ಏರಿನಲ್ಲಿ ಮತ್ತೆ ಜಾರದು ಎಂದು ನಾನು ಮಾತು ಕೊಡಲಾರೆ. ಇನ್ನೊಂದು ಲಾರಿಯ ಕ್ಲಚ್ಚು. ಅಗಲ ಪ್ಲೇಟು, ಗಟ್ಟಿ ಸ್ಪ್ರಿಂಗುಗಳು. ಅದು ಜಾರುವ ಮಾತೇ ಇಲ್ಲ. ಆದರೆ ಅಷ್ಟು ಸ್ಪ್ರಿಂಗನ್ನು ಒತ್ತಬೇಕಾದದ್ದು ಡ್ರೈವರಿನ ಎಡಗಾಲು.

ಅಂಬುಜಮ್ಮ ಬೆಳ್ಳಿಯ ಕುಂಕುಮದ ಭರಣಿ ಹಿಡಿದು ಬಂದರು. ಅದು ಅವರ ಮನೆಯ ಪದ್ಧತಿ. ಅಂಗಡಿಗೆ ಹೊಸ ಸೌಟು ಬರಲಿ, ಕೊಪ್ಪರಿಗೆ ಬರಲಿ, ಗಾಡಿಗೆ ಟೈರು ಬರಲಿ, ಅವರ ಕೈಯಿಂದ ಕುಂಕುಮ ಬೀಳಬೇಕು. ಬಿದ್ದ ಮೇಲೆ ಆ ಸಾಮಾನು ಮನೆಮಗಳಿದ್ದಂತೆ, ತಿರುಗಿ ಕಳಿಸುವುದಿಲ್ಲ. ಸೀಳು ಬಿಟ್ಟ ಕೊಪ್ಪರಿಗೆಯನ್ನೂ ಬೆಸೆದು ಬೆಸೆದು ಇಟ್ಟುಕೊಂಡಿದ್ದರೇ ಹೊರತು ಬದಲಾಯಿಸಿರಲಿಲ್ಲ. ಇನ್ನೊಂದು ಪದ್ಧತಿ: ಗಾಡಿಯ ವಿಷಯದಲ್ಲಿ ಡ್ರೈವರಿನ ಮಾತೇ ಕೊನೆ.

"ತುಳಿಯೋನು ನೀನು ಕಾಳಪ್ಪ. ನಿನ್ನ ಕಾಲು ಏನು ಹೇಳುತ್ತೋ ಅದು."

ಕಾಳಪ್ಪ ಎರಡರ ನಡುವೆ ನಿಂತ. ಆ ಹೊತ್ತಿಗೇ ದೊಡ್ಡಬೈರಪ್ಪ ಬಂದು ಶೆಡ್ಡಿನ ಬಾಗಿಲಿಗೆ ಒರಗಬೇಕೆ? ತರಗುಪೇಟೆಯಲ್ಲಿ ಬೇಳೆ ಮೂಟೆಯ ಲಾರಿ ಓಡಿಸುವವನು. ಅಂಬುಜಮ್ಮನವರ ಡ್ರೈವರ್ ಮನೆಯ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ನಾನು ಕಣ್ಣಿನಲ್ಲೇ ಹೋಗು ಎಂದರೂ ಹೋಗಲಿಲ್ಲ.

"ಏನಣ್ಣ ಕಾಳಣ್ಣ, ಲಾರಿ ಕ್ಲಚ್ಚಾ? ನಿನ್ನ ನುಗ್ಗೆಕಾಯಿ ಕಾಲಿಗೆ ಆಗುತ್ತಾ? ಸುಮ್ನೆ ಆ ಸಣ್ಣದು ಹಾಕ್ಕೊ. ಏರು ಬಂದ್ರೆ ನಾವೆಲ್ಲ ಬಂದು ತಳ್ತೀವಿ."

"ಮುಚ್ಚೋ ಬಾಯಿ," ಎಂದೆ ನಾನು.

"ನಾನು ಹೇಳಿದ್ದು ಒಳ್ಳೇದಕ್ಕೇ ಮೇಸ್ತ್ರಿ. ಆಗಲ್ಲ ಅಂದ್ರೆ ಅಮ್ಮಾವ್ರಿಗೆ ಹೇಳ್ಲಿ, ತುಳಿಯೋ ಕಾಲು ಬೇರೆ ಇವೆ."

ಅಂಬುಜಮ್ಮ ನಗಲಿಲ್ಲ. ಕಾಳಪ್ಪನ ಕಡೆಗೇ ನೋಡುತ್ತಿದ್ದರು. "ಸಣ್ಣದು ಸಾಕು ಅನ್ಸಿದ್ರೆ ಯಾಕೆ ಅಂತ ಹೇಳು. ಅದನ್ನೇ ಇಡೋಣ."

ಯಾಕೆ ಎಂದು ಏನು ಹೇಳುತ್ತಾನೆ? ಸಣ್ಣದು ಎಂದರೆ ಮಂಡಿಯ ಕಥೆ ಹೇಳಬೇಕು. ಮುಚ್ಚಿಟ್ಟು ಸಣ್ಣದನ್ನೇ ಹಾಕಿಸಿಕೊಂಡರೆ, ನಾಳೆ ಏರಿನಲ್ಲಿ ಹಿಂದೆ ಕೂತ ಅಡುಗೆಯವರ ಪಾಪ ಮೈಮೇಲೆ. ದೊಡ್ಡದು ಎಂದರೆ ತುಳಿಯಬೇಕು. ನಾನು ತಡೆಯಲು ಬಾಯಿ ತೆಗೆದೆ. ಅಷ್ಟರಲ್ಲಿ ಅವನು, "ದೊಡ್ಡದೇ ಇರ್ಲಿ ಅಮ್ಮಾವ್ರೆ," ಎಂದುಬಿಟ್ಟ. ಅಂಬುಜಮ್ಮ ಬಗ್ಗಿ ಕುಂಕುಮ ಇಟ್ಟರು. ಕಪ್ಪು ಕಬ್ಬಿಣದ ಮೇಲೆ ಕೆಂಪು ಬೊಟ್ಟು ಕೂತಿತು. ಮುಗಿಯಿತು.

ಹಾಕಿದೆ. ಮೊದಲ ದಿನವೇ ಅವನು ಕೃಷ್ಣರಾಜ ಮಾರುಕಟ್ಟೆಯ ಜನಸಂದಣಿಯಲ್ಲಿ ಹೋಗಿ ಬಂದು ಗಾಡಿಯಿಂದ ಇಳಿಯಲಾರದೆ ಕೂತುಬಿಟ್ಟ. ಅಲ್ಲಿ ನಾಲ್ಕು ಮಾರಿಗೊಮ್ಮೆ ನಿಲ್ಲಬೇಕು. ಒಂದು ಕಡೆ ಹೂವಿನ ಹೊರೆ, ಒಂದು ಕಡೆ ಬಸ್ಸು, ನಡುವೆ ಹಸು. ನಿಂತಾಗಲೆಲ್ಲ ತುಳಿಯಬೇಕು, ಬಿಡಬೇಕು. ಅವನ ಮಂಡಿ ಹಲಸಿನ ಮಿಡಿಯಂತೆ ಊದಿತ್ತು.

"ಏನಾದ್ರೂ ಮಾಡು ಮೇಸ್ತ್ರಿ."

"ಆವತ್ತು ಬಾಯಿ ಬಿಡ್ಬೇಕಾದಾಗ ಏನಾಗಿತ್ತು ನಿಂಗೆ? ನಾಲಿಗೆ ಬಿದ್ದೋಗಿತ್ತಾ?"

"ಬೈಯಿ. ಬೈದಾದ್ಮೇಲೆ ಏನಾದ್ರೂ ಮಾಡು."

ದಾರಿ ಒಂದಿತ್ತು. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸರಳನ್ನು ಸಿಕ್ಕಿಸುವ ತೂತು ಇದೆಯಲ್ಲ, ಅದನ್ನು ಇನ್ನೊಂದು ಕಡೆ ಕೊರೆದರೆ ಪೆಡಲು ಹಗುರವಾಗುತ್ತದೆ. ಆದರೆ ಅಷ್ಟೇ ಪ್ರಮಾಣದಲ್ಲಿ ಕ್ಲಚ್ಚು ಕಡಿಮೆ ಬಿಡುತ್ತದೆ. ಪೆಡಲನ್ನು ತಳಕ್ಕೆ ಒತ್ತಿದರೂ ಎಂಜಿನ್ನು ಗೇರನ್ನು ಪೂರ್ತಿ ಬಿಡುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಗೇರು ಹಾಕಿದರೆ ಕಿರುಚುತ್ತದೆ. ಹೀಗೆಂದು ಬಿಡಿಸಿ ಹೇಳಿದೆ.

"ಕೊರಿ," ಎಂದ. "ಗೇರು ನಾನು ಕಿವೀಲಿ ಹಾಕ್ಕೋತೀನಿ."

ಕೊರೆದೆ. ಅವನು ಹೇಳಿದಂತೆಯೇ ಮಾಡಿದ. ಎಂಜಿನ್ನಿನ ಸದ್ದು ಇಳಿಯುವುದನ್ನು ಕೇಳುತ್ತ, ಹಲ್ಲಿಗೆ ಹಲ್ಲು ಸೇರುವ ಕ್ಷಣ ಹಿಡಿದು, ಬೆಣ್ಣೆಯಲ್ಲಿ ಚಾಕು ಇಟ್ಟಂತೆ ಗೇರು ಹಾಕುತ್ತಿದ್ದ. ಓಡುವಾಗ ಹೀಗೆ. ನಿಂತಾಗ? ನಿಂತಾಗ ಎಂಜಿನ್ನನ್ನೇ ಆರಿಸಿ, ಮೊದಲ ಗೇರು ಹಾಕಿಕೊಂಡು, ದಾರಿ ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದ. ಹೀಗೆ ಮಾಡಿ ಮಾಡಿ ಬ್ಯಾಟರಿ ಸೋಲುತ್ತಿತ್ತು. ಅದಕ್ಕೆ ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುವನು. ಚಕ್ರಕ್ಕೆ ರುಬ್ಬುವ ಕಲ್ಲಿನ ಒಂದು ಒಡೆದ ಗುಂಡನ್ನು ಒತ್ತು ಕೊಡುವನು. ಹೊರಡುವಾಗ ಗುಂಡು ತೆಗೆದರೆ ಗಾಡಿ ತಾನೇ ಉರುಳಿ ಎಂಜಿನ್ನು ಎದ್ದುಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ಯಾವ ಬೀದಿ ಎತ್ತ ಇಳಿಯುತ್ತದೆ ಎಂದು ಅವನಿಗೆ ತಿಳಿದಷ್ಟು ನೀರಿಗೂ ತಿಳಿದಿರಲಿಕ್ಕಿಲ್ಲ. ಛತ್ರದ ಬಾಗಿಲಲ್ಲೇ ಜಾಗವಿದ್ದರೂ ಅದು ಮಟ್ಟಸವಾಗಿದ್ದರೆ ಬೇಡ. ಎರಡು ಬೀದಿ ಆಚೆ ನಿಲ್ಲಿಸಿ ಹಂಡೆ ಹೊರಿಸುವನು. ಆಳುಗಳು ಶಾಪ ಹಾಕುವರು.

ತಮಾಷೆ ನೋಡಿ. ಅಂಬುಜಮ್ಮನವರಿಗೆ ಇದರಿಂದ ಬಹಳ ಸಂತೋಷ. "ನಮ್ಮ ಕಾಳಪ್ಪ ನಿಂತಲ್ಲೆಲ್ಲ ಎಂಜಿನ್ ಆರಿಸ್ತಾನೆ, ಡೀಸೆಲ್ ಮೇಲೆ ಎಷ್ಟು ನಿಗಾ!" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆಯುಧಪೂಜೆಯ ದಿನ ಅವನಿಗೆ ಒಂದು ಪಂಚೆ ಹೆಚ್ಚಾಗಿ ಕೊಟ್ಟರು. ಅವನು ಪಂಚೆ ತೆಗೆದುಕೊಂಡು ತಲೆ ತಗ್ಗಿಸಿ ಬಂದ. ನನ್ನ ಮುಖ ನೋಡಲಿಲ್ಲ.

ಹೀಗೆ ವರ್ಷಗಳು ಕಳೆದವು. ಸೀಟು ಉಳಿಯಿತು, ಮನೆ ಉಳಿಯಿತು. ಆದರೆ ಅವನು ಆ ಸೀಟಿನಿಂದ ಇಳಿಯುವ ಹಾಗಿರಲಿಲ್ಲ. ಜ್ವರ ಬಂದರೂ ಅವನೇ. ಅವನ ತಾಯಿ ಚಿಕ್ಕಮುನಿಯಮ್ಮ ಊರಲ್ಲಿ ಹಾಸಿಗೆ ಹಿಡಿದಾಗ ಬೆಳಗ್ಗೆ ಹೋಗಿ ಸಂಜೆಗೆ ಬಂದ. ಅವಳು ಸತ್ತಾಗ ಮಣ್ಣು ಮಾಡಿ ಅದೇ ದಿನ ತಿರುಗಿ ಬಂದ. "ಬದಲಿ ಒಬ್ಬನ್ನ ಕರೆಸ್ತೀನಿ, ನಾಲ್ಕು ದಿನ ಇದ್ದು ಬಾರೋ," ಎಂದು ಅಂಬುಜಮ್ಮನೇ ಹೇಳಿದ್ದರು. ಇವನೇ ಬೇಡ ಎಂದ. ಬದಲಿಯವನು ಪೆಡಲ್ ತುಳಿದರೆ ಸಾಕು, ಗುಟ್ಟು ಬಯಲು. ಜನ ಅವನನ್ನು ನಿಯತ್ತಿನ ಮನುಷ್ಯ ಎಂದು ಹೊಗಳಿದರು.

ಎಂಬತ್ತೊಂದರಲ್ಲಿ ಅವನ ಒಬ್ಬಳೇ ಮಗಳು ಪುಟ್ಟಲಕ್ಷ್ಮಿಗೆ ಮದುವೆ ಗೊತ್ತಾಯಿತು. ಮದುವೆಯವರಿಗೆ ಒಳ್ಳೆಯ ದಿನವೆಂದರೆ ಪಾತ್ರೆ ಅಂಗಡಿಗೆ ಯುದ್ಧದ ದಿನ. ಪಂಚಾಂಗದಲ್ಲಿ ಒಂದು ಶುಭಮುಹೂರ್ತ ಬಿತ್ತೆಂದರೆ ಊರಿನ ಮದುವೆಗಳೆಲ್ಲ ಅವತ್ತೇ. ಪುಟ್ಟಲಕ್ಷ್ಮಿಯದೂ ಅವತ್ತೇ, ಚಾಮರಾಜಪೇಟೆಯ ಒಂದು ಸಣ್ಣ ಛತ್ರದಲ್ಲಿ. ಮಲ್ಲೇಶ್ವರದಲ್ಲಿ ಒಂದು ದೊಡ್ಡ ಮನೆಯ ಮದುವೆಯೂ ಅವತ್ತೇ. ಆ ಮಲ್ಲೇಶ್ವರದ ಊಟಕ್ಕೆ ಬೇಕಾದ ಕೊಪ್ಪರಿಗೆಗಳು ಹಿಂದಿನ ಸಂಜೆ ಬಸವನಗುಡಿಯ ಒಂದು ಛತ್ರಕ್ಕೆ ಹೋಗಿದ್ದವು. ಬೆಳಗ್ಗೆ ಅವನ್ನು ಅಲ್ಲಿಂದ ಎತ್ತಿ ಮಲ್ಲೇಶ್ವರಕ್ಕೆ ಮುಟ್ಟಿಸಬೇಕು.

"ಮಗಳ ಮದುವೆ ದಿನ ನೀನು ಸ್ಟೇರಿಂಗ್ ಮುಟ್ಟಕೂಡದು," ಎಂದರು ಅಂಬುಜಮ್ಮ. ಅವನನ್ನು ಕೇಳದೆಯೇ ದೊಡ್ಡಬೈರಪ್ಪನಿಗೆ ಹೇಳಿ ಕಳಿಸಿದ್ದರು. ಮದುವೆಗೆ ಪಾತ್ರೆಯನ್ನೆಲ್ಲ ಅವರೇ ಪುಕ್ಕಟೆ ಕೊಟ್ಟಿದ್ದರು. ಬೇಡ ಎನ್ನಲು ಇವನಿಗೆ ಬಾಯಿ ಬರಲಿಲ್ಲ.

ಬೆಳಗಾಯಿತು. ದೊಡ್ಡಬೈರಪ್ಪ ಮೀಸೆ ತಿರುವಿಕೊಂಡು ಬಂದು ಹತ್ತಿದ. ಸ್ಟಾರ್ಟ್ ಮಾಡಿ ಗೇರು ಹಾಕಿದ. ಆ ಕಿರುಚಾಟಕ್ಕೆ ಬೀದಿಯ ನಾಯಿಗಳೆಲ್ಲ ಎದ್ದವು. ಮತ್ತೆ ಹಾಕಿದ. ಮತ್ತೆ. ಹೇಗೋ ಗೇರು ಬಿತ್ತು, ಗಾಡಿ ಜಿಗಿದು ನನ್ನ ಶೆಡ್ಡಿನ ಕಂಬಕ್ಕೆ ಮುತ್ತು ಕೊಟ್ಟು ಆರಿಹೋಯಿತು. ನಾನು ಬಾಯಿಗೆ ಬಂದಂತೆ ಬೈದೆ.

ಅವನು ಬೆವರೊರೆಸಿಕೊಂಡು ಇಳಿದ. "ಇದು ಗಾಡಿ ಅಲ್ಲ ಕಣ್ ಮೇಸ್ತ್ರಿ, ದೆವ್ವ. ಆ ಕಾಳಣ್ಣ ಏನು ಮಂತ್ರ ಹಾಕವ್ನೋ ಅವ್ನಿಗೇ ಗೊತ್ತು. ಸುಮ್ನೆ ಕೊಡ್ತೀನಿ ಅಂದ್ರೂ ನಂಗೆ ಬೇಡ." ಎಂದು ಹೊರಟೇಬಿಟ್ಟ.

ಮದುವೆ ಮನೆಗೆ ನಾನೇ ಓಡಿದೆ. ಕಾಳಪ್ಪ ಹೊಸ ರೇಷ್ಮೆಯಂಚಿನ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿದ. ಪಂಚೆ ಎತ್ತಿ ಕಟ್ಟಿದ.

"ಮುಹೂರ್ತಕ್ಕೆ ಬಂದ್ಬಿಡ್ತೀನಿ," ಎಂದ ನರಸಮ್ಮನಿಗೆ. ಅವಳು ಅಳುತ್ತ ಒಳಗೆ ಹೋದಳು.

ಜೊತೆಗೆ ನಾನೂ ಹತ್ತಿದೆ. ಬಸವನಗುಡಿಯಲ್ಲಿ ಕೊಪ್ಪರಿಗೆ ತುಂಬಿ ಹೊರಟಾಗ ಬಿಸಿಲೇರಿತ್ತು. ಓಕಳಿಪುರದ ರೈಲ್ವೆ ಸೇತುವೆಯ ಕೆಳಗೆ ಸಿಕ್ಕಿಕೊಂಡೆವು. ಮುಂದೆ ಒಂದು ಎತ್ತಿನ ಗಾಡಿಯ ಅಚ್ಚು ಮುರಿದಿತ್ತು, ಹಿಂದೆ ಎರಡು ಬಸ್ಸು. ಒಂದು ಗೇಣು ಮುಂದೆ ಹೋಗುವುದು, ನಿಲ್ಲುವುದು. ಆರಿಸು, ಗೇರು ಹಾಕು, ಸ್ಟಾರ್ಟ್ ಮಾಡು, ತುಳಿ, ಬಿಡು. ಕೊನೆಗೆ ಬ್ಯಾಟರಿಯೂ ಸತ್ತಿತು. ನಾನು ಇಳಿದು, ಸಿಕ್ಕವರನ್ನೆಲ್ಲ ಬೈದು, ಕಾಡಿ ತಳ್ಳಿಸಿದೆ. ಎಂಜಿನ್ನು ಎದ್ದುಕೊಂಡಿತು, ಆದರೆ ಇನ್ನು ಅದನ್ನು ಆರಿಸುವ ಹಾಗಿಲ್ಲ. ಅಲ್ಲಿಂದ ಮಲ್ಲೇಶ್ವರದವರೆಗೂ ಅವನು ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಎಡಗಾಲು ಸಾಲದೆ ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದಿದ್ದ. ತುಟಿ ಕಚ್ಚಿ ರಕ್ತ ಬಂದಿತ್ತು.

ಅಲ್ಲಿ ಕೊಪ್ಪರಿಗೆ ಇಳಿಸಿ, ಮುಹೂರ್ತಕ್ಕೆ ಸರಿಯಾಗಿ ಪುಟ್ಟಲಕ್ಷ್ಮಿಯ ಮದುವೆಯ ಛತ್ರದ ಹತ್ತಿರ ಬಂದೆವು. ಪಕ್ಕದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದ, ನಾನು ಗುಂಡು ಇಟ್ಟೆ. ಒಳಗೆ ಓಲಗ ಜೋರಾಗಿತ್ತು. ಪುರೋಹಿತರು ಮಣೆ ತೋರಿಸಿದರು.

"ಹುಡುಗೀ ತಂದೆ, ಬನ್ನಿ ಬನ್ನಿ, ಹೊತ್ತಾಯ್ತು. ಕೂತ್ಕೊಳ್ಳಿ. ಕಳಶಪೂಜೆ ಆಗದೆ ಧಾರೆ ಇಲ್ಲ."

ಕಾಳಪ್ಪ ಮಣೆಯ ಮುಂದೆ ನಿಂತ. ಒಂದು ಸಲ ಬಗ್ಗಿದ. ನೆಟ್ಟಗಾದ. ಇನ್ನೊಂದು ಸಲ ಕಂಬ ಹಿಡಿದು ಬಗ್ಗಿದ. ಕಾಲು ಮಡಚಲಿಲ್ಲ.

"ಕೂತ್ಕೊಳ್ಳಪ್ಪ!"

"ಸ್ವಾಮಿ... ನಿಂತ್ಕೊಂಡೇ ಮಾಡಿದ್ರೆ..."

"ಕಳಶದ ಮುಂದೆ ನಿಂತ್ಕೊಂಡಾ? ಏನಯ್ಯ ಇದು?"

ಗಂಡಿನ ಕಡೆಯವರು ಕತ್ತು ಚಾಚಿದರು. ಪುಟ್ಟಲಕ್ಷ್ಮಿ ಬಾಸಿಂಗದ ಕೆಳಗಿಂದ ಅಪ್ಪನನ್ನು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಡುಗೆ ಮನೆಗೆ ನುಗ್ಗಿ ಒಂದು ಕೊಳಗ ತಂದು, ಮಗುಚಿ, ಅದರ ಮೇಲೆ ಮಣೆ ಇಟ್ಟೆ. ಕಾಳಪ್ಪ ಅದರ ಮೇಲೆ ಕಾಲು ಚಾಚಿ ಕೂತ. ಪಂಚೆ ಸರಿದು ಮಂಡಿ ಎಲ್ಲರಿಗೂ ಕಂಡಿತು. ಮಂಡಿ ಎನ್ನುವ ಆಕಾರವೇ ಅದಕ್ಕಿರಲಿಲ್ಲ. ಮುಂದಿನ ಸಾಲಿನಲ್ಲಿ ಅಂಬುಜಮ್ಮ ಕೂತಿದ್ದರು. ಕೊಳಗ ನೋಡಿದರು, ಮಂಡಿ ನೋಡಿದರು, ಎದ್ದು ಹೊರಗೆ ಹೋದರು.

ಧಾರೆ ಮುಗಿದ ಮೇಲೆ ಹೊರಗೆ ಬಂದರೆ, ಅವರು ರೇಷ್ಮೆ ಸೀರೆಯಲ್ಲೇ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ. ಬರಿಗಾಲಿನಿಂದ ಕ್ಲಚ್ ತುಳಿದು ಬಿಡುತ್ತಿದ್ದಾರೆ. ಮತ್ತೆ ತುಳಿಯುತ್ತಿದ್ದಾರೆ.

"ಮೇಸ್ತ್ರಿ, ಲಾರಿ ಕ್ಲಚ್ಚು ಇಷ್ಟು ಹಗುರಾನಾ?"

ನಾನು ತೂತಿನ ವಿಷಯ ಹೇಳಿದೆ. ಅಷ್ಟರಲ್ಲಿ ಕಾಳಪ್ಪನೂ ಗೋಡೆ ಹಿಡಿದುಕೊಂಡು ಬಂದ.

"ಆವತ್ತೇ ಹೇಳ್ಬಾರ್ದಿತ್ತೇನೋ?"

"ಕುಂಕುಮ ಇಟ್ಬಿಟ್ರಲ್ಲ ಅಮ್ಮಾವ್ರೆ."

"ಅದಕ್ಕೆ ಮುಂಚೆ?"

"ಮುಂಚೆ ಮನೆ ಇತ್ತಲ್ಲ."

ಅವರು ಇನ್ನೊಮ್ಮೆ ತುಳಿದು ನೋಡಿದರು. ಪೆಡಲಿನ ಮೇಲೆ ಕಾಲು ಹಾಗೇ ಇತ್ತು. ಆಮೇಲೆ ನನ್ನನ್ನು ಕೇಳಿದರು. "ಆ ತೂತು ಮುಚ್ಚಿ ಮೊದ್ಲಿನ ಹಾಗೆ ಮಾಡಿದ್ರೆ?"

"ಯಾವ ಡ್ರೈವರ್ ಬೇಕಾದ್ರೂ ಓಡಿಸ್ಬೋದು. ಇವ್ನಿಗಾಗಲ್ಲ."

"ಹೀಗೇ ಬಿಟ್ರೆ?"

"ಇವ್ನೊಬ್ನೇ."

"ಸಣ್ಣ ಕ್ಲಚ್ಚು?"

"ಗವಿಪುರದ ಏರಿದೆ ಅಮ್ಮಾವ್ರೆ."

ಕಾಳಪ್ಪ ಗೋಡೆಗೆ ಒರಗಿ ನಿಂತು, ಪುರೋಹಿತರ ಮಾತಿಗೆ ಕಾಯುವವನಂತೆ ಅವರ ಬಾಯನ್ನೇ ನೋಡುತ್ತಿದ್ದ. ಒಳಗಿಂದ ಊಟಕ್ಕೆ ಕರೆಯುತ್ತಿದ್ದರು. ಹೊಸ ಡ್ರೈವರ್ ಬಂದರೆ ಮನೆ ಅವನಿಗೆ. ಮಗಳನ್ನು ಇವತ್ತು ಕಳಿಸಿ, ನಾಳೆ ಹೆಂಡತಿಯನ್ನು ಕರೆದುಕೊಂಡು ಇವನು ಎಲ್ಲಿಗೆ ಹೋಗಬೇಕು?

"ಹಾಗೇ ಇರ್ಲಿ ಬಿಡು ಮೇಸ್ತ್ರಿ. ಮುಟ್ಬೇಡ," ಎಂದರು ಅಂಬುಜಮ್ಮ. ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಕರುಣೆಯೋ, ಬೀಗವೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಕಾಳಪ್ಪ ಕೈ ಮುಗಿದ.

ಅವರು ಇಳಿಯಲು ಕಾಲು ಚಾಚಿ, ಹಾಗೇ ತಡೆದು, ಕೇಳಬಾರದ್ದನ್ನು ಕೇಳುವವರಂತೆ ಮೆಲ್ಲಗೆ ಕೇಳಿದರು. "ಸಂಜೆ ಮಲ್ಲೇಶ್ವರದಿಂದ ಕೊಪ್ಪರಿಗೆ ತರ್ಬೇಕಲ್ಲೋ. ನಾಳೇನೂ ಮುಹೂರ್ತ ಇದೆ. ಬರ್ತೀಯಾ?"

"ಬರ್ದೆ ಎಲ್ಲಿಗೆ ಹೋಗ್ಲಿ ಅಮ್ಮಾವ್ರೆ?"

ಸಂಜೆ ಪುಟ್ಟಲಕ್ಷ್ಮಿಯನ್ನು ಗಂಡನ ಮನೆಗೆ ಕಳಿಸಿಕೊಡುವ ಶಾಸ್ತ್ರ ನಡೆದಿತ್ತು. ನರಸಮ್ಮ ಮಗಳ ಮಡಿಲು ತುಂಬುತ್ತಿದ್ದಳು. ಕಾಳಪ್ಪ ಮಗಳ ತಲೆ ನೇವರಿಸಿ ಹೊರಗೆ ಬಂದು, ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಗಾಡಿಯೊಳಗೆ ಇಟ್ಟುಕೊಂಡ. ಗೇರು ಮೊದಲೇ ಹಾಕಿತ್ತು. ಪೆಡಲು ತುಳಿದು ನನ್ನ ಕಡೆ ನೋಡಿದ. ನಾನು ಬಗ್ಗಿ ಚಕ್ರದ ಕೆಳಗಿನ ಗುಂಡು ತೆಗೆದೆ.